ಅರವತ್ತೊಂದನೆಯ ಕೇದಗೆ

ನಮ್ಮೂರಲ್ಲಿ ಮಗು ಹುಟ್ಟಿದರೆ ಮನೆಯವರು ಹೆಸರಿಗಾಗಿ ಜೋಯಿಸರ ಹತ್ತಿರ ಹೋಗುವುದಿಲ್ಲ, ಜರಡಿ ಮನೆಯ ಮೂರನೇ ಕಿಟಕಿಗೆ ಬರುತ್ತಾರೆ. ಆ ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷದಿಂದ ಕೂತಿರುವವಳು ನಾನು. ನನ್ನ ಹೆಸರು ಗುಲಗಂಜಿ. ನಗಬೇಡಿ. ನಮ್ಮವ್ವ ಯಾವ ಕಾಗದದಲ್ಲೂ ಇಲ್ಲದ ಹೆಸರು ಬೇಕೆಂದು ಹುಡುಕಿ ಹುಡುಕಿ ಇಟ್ಟದ್ದು ಅದು. ಊರವರೆಲ್ಲ ಗುಂಜಕ್ಕ ಎನ್ನುತ್ತಾರೆ, ಕಚೇರಿಯಲ್ಲಿ ಗುಂಜಮ್ಮ.

ಮೇಲಿನವರಿಗೆ ಹೋಗುವ ಕಾಗದ, ಮೇಲಿನಿಂದ ಇಳಿದು ಬರುವ ಕಾಗದ, ಎರಡೂ ಜರಡಿ ಮನೆ ದಾಟಿಯೇ ಹೋಗಬೇಕು. ಗೋಡೆಯ ಮೇಲೆ ಉದ್ದಕ್ಕೆ ಜೊಳ್ಳು ಪಟ್ಟಿ ಇದೆ. ಅದರಲ್ಲಿರುವ ಪದ ಕಾಗದದಲ್ಲಿ ಕಂಡರೆ ಕುಂಚ ಅದ್ದಿ ಅದರ ಮೇಲೆ ಮಸಿ ಎಳೆಯಬೇಕು. ಉಳಿದದ್ದನ್ನಷ್ಟೇ ಮೇಲಿನವರು ಓದುತ್ತಾರೆ. ಒಂದು ತಿಂಗಳಲ್ಲಿ ಅರವತ್ತಕ್ಕಿಂತ ಹೆಚ್ಚು ಸಲ ಬಂದ ಪದ ಯಾವುದಾದರೂ ಸರಿ, ಅದು ಜೊಳ್ಳು. ಅಚ್ಚಿನ ಪದ, ಮೇಲಿನವರ ಮೊಹರು ಎಣಿಕೆಗೆ ಇಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ಮೊದಲು ಹೋದವು ಸಣ್ಣಪುಟ್ಟವು. ಆ, ಈ, ಮತ್ತು, ಆದರೆ, ನಾನು. ಅವು ಹೋದದ್ದರಿಂದ ಯಾರ ಮನೆಯೂ ಮುಳುಗಲಿಲ್ಲ. ಆಮೇಲೆ ‘ದಯವಿಟ್ಟು’ ಹೋಯಿತು, ‘ಸ್ವಾಮಿ’ ಹೋಯಿತು, ‘ಬಡವ’ ಹೋಯಿತು. ‘ಹಸಿವು’ ಪಟ್ಟಿಗೆ ಏರಿದ್ದು ನಾನು ಹುಟ್ಟುವ ಮೊದಲೇ. ಅದನ್ನು ಬರೆಯದವರು ಯಾರಿದ್ದರು ಹೇಳಿ! ‘ಹೆರಿಗೆ’, ‘ಮರಣ’, ‘ಜ್ವರ’ ಇವೆಲ್ಲ ನಾನು ಕೆಲಸಕ್ಕೆ ಸೇರುವ ಹೊತ್ತಿಗಾಗಲೇ ಮಸಿ ಬಳಿಸಿಕೊಂಡು ಕೂತಿದ್ದವು. ಒಮ್ಮೆ ಏರಿದ ಪದ ಇಳಿದದ್ದನ್ನು ಕಂಡವರಿಲ್ಲ.

ಹೆಸರುಗಳಿಗೂ ಇದೇ ಗತಿ. ಗೌರಿ, ಲಕ್ಷ್ಮಿ, ಮಂಜ, ರಾಮ, ಎಲ್ಲ ಯಾವತ್ತೋ ಹೋದವು. ನಮ್ಮ ಬೀದಿಯಲ್ಲೇ ಗೌರಿ ಅನ್ನುವ ಮುದುಕಿ ಇದ್ದಳು. ಅವಳ ಹೆಸರಿನಲ್ಲಿ ಒಂದು ಕಾಳು ಅಕ್ಕಿ ಇಳಿಯುತ್ತಿರಲಿಲ್ಲ, ಸೊಸೆಯ ಚೀಟಿಯ ಅಕ್ಕಿ ತಿಂದು, ಅದಕ್ಕೆ ದಿನವೂ ಮಾತು ಕೇಳಿ ಸತ್ತಳು. ಅದಕ್ಕೇ ಈಗಿನವರು ಅಗಸೆ, ಬಿದಿರಿ, ಸೂಡಪ್ಪ ಅಂತ ಇಟ್ಟುಕೊಳ್ಳುತ್ತಾರೆ. ಯಾವ ಹೆಸರು ಎಷ್ಟು ಆಗಿದೆ, ಯಾವುದು ಬೇಡ ಎಂದು ತಾಯಂದಿರಿಗೆ ತಿಳಿಸಿ ಹೇಳುವುದೇ ನನ್ನ ಕೆಲಸ. ಆ ಕೆಲಸದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನು ಮೆರೆಯುತ್ತಿದ್ದೆ.

ನಮ್ಮವ್ವನ ಹೆಸರು ಕೇದಗೆ. ಊರಿಗೆ ಅವಳೊಬ್ಬಳೇ ಸೂಲಗಿತ್ತಿ. ‘ಹೆರಿಗೆ’ ಎಂಬ ಪದಕ್ಕೆ ಮಸಿ ಬಿದ್ದ ಮೇಲೆ ಆಸ್ಪತ್ರೆಯಿಂದ ಅದಕ್ಕಾಗಿ ಯಾರೂ ಬಂದದ್ದಿಲ್ಲ. ಹಾಗಾಗಿ ನಲವತ್ತು ವರ್ಷದಿಂದ ಈ ಊರಲ್ಲಿ ಹುಟ್ಟಿದ ಮಕ್ಕಳೆಲ್ಲ ಮೊದಲು ಮುಟ್ಟಿದ್ದು ಅವಳ ಕೈಯನ್ನೇ. ಬಾಯಿ ಜೋರು. ನೋವು ತಿನ್ನುತ್ತಿರುವ ಹೆಂಗಸಿಗೂ ಬೈಯುವಳು, ಬಾಗಿಲಲ್ಲಿ ನಿಂತು ನಡುಗುವ ಗಂಡನಿಗೂ ಬೈಯುವಳು, ಹೊರಗೆ ಬಂದ ಕೂಸಿಗೂ ಇಷ್ಟು ಹೊತ್ತು ಮಾಡಿದೆಯಲ್ಲ ಎಂದು ಬೈಯುವಳು. ಮನೆಗೆ ಬಂದು ನೀರು ಹುಯ್ದುಕೊಂಡು, ಎರಡು ಮುದ್ದೆ ಉಂಡು ಮಲಗಿದರೆ ಗುಂಡು ಹೊಡೆದರೂ ಏಳುತ್ತಿರಲಿಲ್ಲ.

ಅಗಸೆಯ ಮಗು ಕಾಲು ಮುಂದಾಗಿ ಬಂತು. ಅಗಸೆ ನಮ್ಮ ಹಿಂದಿನ ಬೀದಿಯ ಹುಡುಗಿ, ಚಾಪೆ ಹೆಣೆಯುವವರ ಮನೆಯವಳು. ಎರಡು ಹಗಲು ಅವ್ವ ಅವಳ ಪಕ್ಕ ಬಿಟ್ಟು ಏಳಲಿಲ್ಲ. ಇಬ್ಬರೂ ಉಳಿದರು. ಹನ್ನೊಂದನೇ ದಿನ ಅಗಸೆ ಕೂಸನ್ನು ಎತ್ತಿಕೊಂಡು ನನ್ನ ಕಿಟಕಿಗೆ ಬಂದಳು.

“ಗುಂಜಕ್ಕ, ಕೇದಗೆ ಅಂತ ಬರ್ಕೊಳಿ.”

“ಇರೋರ ಹೆಸ್ರು ಇಡಬಾರ್ದು ಅಂತ ಗೊತ್ತಿಲ್ವಾ?” ಅಂದೆ. ಅನ್ನುವುದಕ್ಕೆ ಅಂದೆ, ಅಷ್ಟೆ.

“ಇಬ್ರೇ ಆಯ್ತಾರೆ ಬಿಡಿ ಅಕ್ಕ. ಅವ್ವ ಇಲ್ದಿದ್ರೆ ಈ ಹೆಸ್ರು ಹೊತ್ಕೊಳೋ ಕೂಸಾದ್ರೂ ಎಲ್ಲಿರ್ತಿತ್ತು?”

ಬೇಡ ಎಂದು ಗಟ್ಟಿಯಾಗಿ ಹೇಳಬೇಕಾಗಿತ್ತು. ಹೇಳಲಿಲ್ಲ. ಎದೆ ತುಂಬಿ ಬಂದಿತ್ತು. ಬೇರೆ ಯಾರ ತಾಯಿಯ ಹೆಸರಾಗಿದ್ದರೂ ನಾನು ಬರೆಯುತ್ತಿರಲಿಲ್ಲ, ಇದನ್ನು ಮಾತ್ರ ದುಂಡಗೆ ಬರೆದೆ. ಮನೆಗೆ ಹೋಗಿ ಹೇಳಿದರೆ ಅವ್ವ, “ಅದ್ಯಾಕಂತೆ, ಬೇರೆ ಹೆಸ್ರು ಸಿಗ್ಲಿಲ್ವಂತಾ ಆ ಮುಂಡೇದ್ಕೆ?” ಎಂದು ಒರಟಾಗಿ ಅಂದಳು. ಆದರೆ ಅವತ್ತು ಸಂಜೆ ಪೂರ್ತಿ ಅವಳ ಮುಖದಲ್ಲಿ ಒಂದು ಕಳೆ ಇತ್ತು, ನಾನು ನೋಡಿದೆ.

ಒಬ್ಬಳು ಇಟ್ಟ ಮೇಲೆ ಇನ್ನೊಬ್ಬಳು ಬಿಡುತ್ತಾಳೆಯೇ? ‘ನಮ್ಗೂ ಅದೇ ಇರ್ಲಿ’ ಎಂದು ಬಿದಿರಿ ಬಂದಳು, ಅವಳ ನಾದಿನಿ ಬಂದಳು. ಎಂಟು ತಿಂಗಳಲ್ಲಿ ಮೂವತ್ತೊಂದು ಹೆಣ್ಣು ಕೂಸುಗಳಿಗೆ ಕೇದಗೆ ಎಂದು ನಾನೇ ನನ್ನ ಕೈಯಾರೆ ಬರೆದೆ. ಅರವತ್ತಕ್ಕೆ ಇನ್ನೂ ಎಷ್ಟೊಂದು ದೂರವಿದೆ ಎಂದುಕೊಂಡೆ. ಇಪ್ಪತ್ತೆರಡು ವರ್ಷ ಎಣಿಸಿದವಳು ನಾನು, ಎಣಿಸಬೇಕಾದದ್ದು ಕೂಸುಗಳನ್ನಲ್ಲ, ಕಾಗದಗಳನ್ನು ಎಂಬುದು ನನಗೆ ಹೊಳೆಯಲಿಲ್ಲ. ಕೂಸಿಗೆ ವರ್ಷ ತುಂಬುವುದರೊಳಗೆ ಎಷ್ಟು ಚೀಟಿ! ಹಾಲಿನ ಚೀಟಿ, ತೂಕದ ಚೀಟಿ, ಚುಚ್ಚುಮದ್ದಿನ ಚೀಟಿ. ನನ್ನ ಬುದ್ಧಿಗೆ ಏನು ಬಡಿದಿತ್ತೋ.

ಅದೇ ಹೊತ್ತಿಗೆ ಅವ್ವನ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಅವಳೇ ಕೈಯಿಟ್ಟು ಪತ್ತೆ ಹಚ್ಚಿದ್ದು. “ಸಾವ್ರ ಹೊಟ್ಟೆ ಮುಟ್ಟಿವ್ನಿ ಕಣೆ, ಇದು ಒಳ್ಳೇದಲ್ಲ,” ಎಂದಳು, ಬೇರೆ ಯಾರದೋ ಹೊಟ್ಟೆಯ ಸುದ್ದಿ ಹೇಳುವಂತೆ. ಹೊಳೆಯಾಚೆ ದೊಡ್ಡ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರೆ ಇನ್ನೂ ಹತ್ತು ವರ್ಷ ಬದುಕುತ್ತಾಳೆ ಎಂದು ಡಾಕ್ಟರು ಹೇಳಿದರು. ಅದಕ್ಕೆ ಮೇಲಿನವರ ಮಂಜೂರಾತಿ ಬೇಕು, ಹೆಸರು ಸಮೇತ. ಅರ್ಜಿ ಹಾಕಿದೆ. ‘ಗೆಡ್ಡೆ’ ಇನ್ನೂ ಪಟ್ಟಿಗೆ ಏರಿರಲಿಲ್ಲ, ಪುಣ್ಯ. ಉತ್ತರ ಮುಂದಿನ ತಿಂಗಳು ಬಿಟ್ಟು ಅದರಾಚೆಯ ತಿಂಗಳು ಹತ್ತನೇ ತಾರೀಕಿಗೆ ಇಳಿಯುತ್ತದೆ ಎಂದು ಗೊತ್ತಾಯಿತು.

ಒಂದನೇ ತಾರೀಕು ಸೂಡಪ್ಪನವರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಅವರು ನಮ್ಮಲ್ಲಿ ಎಣಿಕೆಯ ಹಿರಿಯರು, ತಿಂಗಳ ಕೊನೆಗೆ ಏಣಿ ಹತ್ತಿ ಪಟ್ಟಿಗೆ ಹೊಸ ಪದ ಬರೆಯುವವರು. ಸಾಧು ಮನುಷ್ಯ.

“ಗುಂಜಮ್ಮ, ನಿಮ್ಮ ತಾಯೋರ ಹೆಸ್ರು ಹೋದ ತಿಂಗ್ಳು ನಲವತ್ನಾಕು ಸಲ ಬಂದದೆ,” ಎಂದರು ತಗ್ಗಿದ ದನಿಯಲ್ಲಿ. “ಈ ತಿಂಗ್ಳು ಗಂಟಲಮಾರಿ ಚುಚ್ಚುಮದ್ದು. ಒಂದೊಂದು ಚೀಟೀಲಿ ಹೆಸ್ರು ಎರಡೆರಡು ಸಲ ಬರ್ಯದು. ನೋಡ್ಕೊಳಿ.”

ಬೆರಳು ಮಡಚಿ ಲೆಕ್ಕ ಹಾಕಿದೆ. ಮೂವತ್ತೊಂದು ಕೂಸು, ಎರಡೆರಡು ಸಲ. ಅರವತ್ತೆರಡು. ತಿಂಗಳ ಕೊನೆಗೆ ಕೇದಗೆ ಜೊಳ್ಳಾಗುತ್ತದೆ, ಹತ್ತನೇ ತಾರೀಕು ಇಳಿಯುವ ಮಂಜೂರಾತಿಯಲ್ಲಿ ಅವಳ ಹೆಸರಿನ ಮೇಲೆ ಮಸಿ ಬೀಳುತ್ತದೆ. ಕೂಸುಗಳಿಗೆ ಬೇರೆ ಹೆಸರು ಇಡಿಸೋಣವೆಂದರೆ ಹೆಸರು ಬದಲಿಸುವ ಕಾಗದದಲ್ಲೇ ಹಳೇ ಹೆಸರು ಮೂರು ಸಲ ಬರೆಯಬೇಕು. ಉಳಿದದ್ದು ಒಂದೇ ದಾರಿ, ಯಾರೂ ಏನೂ ಬರೆಸದೆ ಸುಮ್ಮನಿರುವುದು.

ಅವತ್ತೇ ಮನೆ ಮನೆ ಸುತ್ತಿದೆ. ಮೂವತ್ತೊಂದು ಮನೆ. “ಈ ತಿಂಗ್ಳು ಮುಗಿಯೋವರ್ಗೂ ಕೂಸಿನ ಹೆಸ್ರಲ್ಲಿ ಒಂದು ಕಾಗ್ದವೂ ಬ್ಯಾಡ. ಚುಚ್ಚುಮದ್ದೂ ಆಮೇಲೇ ಹಾಕ್ಸಿ. ಅವ್ವಂಗೋಸ್ಕರ,” ಎಂದು ಕೇಳಿಕೊಂಡೆ. ಒಬ್ಬಳೂ ಇಲ್ಲವೆನ್ನಲಿಲ್ಲ. ಹಾಲಿನ ಚೀಟಿಯನ್ನೂ ಬಿಟ್ಟರು. ಕೆಲವರು ಅತ್ತರು. ಅಗಸೆ ನನ್ನ ಎರಡೂ ಕೈ ಹಿಡಿದುಕೊಂಡು, “ಅವ್ವಂಗೋಸ್ಕರ ಇಷ್ಟೂ ಮಾಡಲ್ವಾ ಅಕ್ಕ?” ಎಂದಳು. ಅವ್ವನಿಗೆ ಮಾತ್ರ ಹೇಳಬೇಡಿ ಎಂದು ಎಲ್ಲರಿಂದಲೂ ಭಾಷೆ ತೆಗೆದುಕೊಂಡೆ.

ಇಪ್ಪತ್ತಾರು ದಿನ ಆ ಹೆಸರು ಒಂದು ಕಾಗದದಲ್ಲೂ ಬರಲಿಲ್ಲ. ಊರಲ್ಲಿ ಗಂಟಲಮಾರಿ ಶುರುವಾಗಿತ್ತು. ಕೆಳಗಿನ ಕೇರಿಯಲ್ಲಿ ಎರಡು ಕೂಸು ಹೋದವು. ಅವು ಬೇರೆ ಹೆಸರಿನವು. ಆ ಚೀಟಿಗಳು ನನ್ನ ಮೇಜಿಗೇ ಬಂದವು, ‘ಮರಣ’ದ ಮೇಲೆ ಮಸಿ ಎಳೆದು ಕಳಿಸಿದೆ. ನನ್ನ ಕೂಸುಗಳಿಗೆ ಏನೂ ಆಗುವುದಿಲ್ಲ ಎಂದುಕೊಂಡೆ. ಆಗಬಾರದು ಎಂದು ಕಂಡ ಕಂಡ ದೇವರಿಗೆಲ್ಲ ಹೇಳಿಕೊಂಡೆ. ಆದರೂ ಒಬ್ಬಳ ಮನೆಗೂ ಹೋಗಿ ‘ಹಾಕ್ಸಿ’ ಎನ್ನಲಿಲ್ಲ. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಇಪ್ಪತ್ತೇಳನೇ ತಾರೀಕು ಬೆಳಿಗ್ಗೆ ಅಗಸೆ ಕೂಸನ್ನು ತಂದು ನಮ್ಮ ಜಗಲಿಯ ಮೇಲೆ ಮಲಗಿಸಿದಳು. ಕೆಮ್ಮು, ಮೈ ಬಿಸಿ. ಅವ್ವ ಹೊಟ್ಟೆ ಹಿಡಿದುಕೊಂಡೇ ಕೂತು, ಕೂಸಿನ ಬಾಯಿ ಬಿಡಿಸಿ ನೋಡಿದಳು. “ಇನ್ನೂ ಗಂಟ್ಲು ಕಟ್ಟಿಲ್ಲ. ಚುಚ್ಚುಮದ್ದು ಯಾವಾಗ ಹಾಕ್ಸಿದೆ?” ಎಂದು ಕೇಳಿದಳು. ಅಗಸೆ ನನ್ನ ಮುಖ ನೋಡಿದಳು. ಅವ್ವ ಅವಳನ್ನು ಬಿಟ್ಟು ನನ್ನನ್ನು ನೋಡಿದಳು.

“ಏನೇ ಮಾಡಿದ್ದೀಯಾ ಗುಂಜಿ?”

ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ಅವ್ವ ಬೈದಳು. ಜೀವಮಾನದಲ್ಲಿ ಅಷ್ಟು ಬೈಸಿಕೊಂಡಿರಲಿಲ್ಲ ನಾನು. “ಮೂವತ್ತೊಂದು ಕೂಸು ಮಣ್ಮಾಡ್ಬುಟ್ಟು ಈ ಮುದ್ಕೀನ ಉಳಿಸ್ಕೊಂಡು ಏನ್ ಮಾಡಿಯೇ? ಉಪ್ಪಾಕಿ ನೆಕ್ಕೀಯಾ? ನಾ ಎಳೆದು ತಂದವ್ಳು ಕಣೆ ಅವುನ್ನೆಲ್ಲ. ಒಂದೊಂದೂ ನಂಗೆ ಗೊತ್ತು.” ಬೈದು ಮುಗಿಸಿ, ಕಂಬ ಹಿಡಿದು ಎದ್ದು, ಸೆರಗು ಬಿಗಿದು ಬೀದಿಗೆ ಇಳಿದಳು.

ಮೂರು ದಿನ ತಿರುಗಿದಳು. ನಾಲ್ಕು ಮನೆಗೆ ಒಮ್ಮೆ ಕೂರುವಳು, ನೋವು ತಡೆದುಕೊಂಡು ಏಳುವಳು. ಕೂಸುಗಳನ್ನು ಹೊರಡಿಸಿಕೊಂಡು ಆಸ್ಪತ್ರೆಯ ಸಾಲಿನಲ್ಲಿ ತಾನೇ ಮುಂದೆ ನಿಂತು ಚುಚ್ಚಿಸಿದಳು. ತಾಯಂದಿರು ಬೇಡವೆಂದರೆ ಅವರಿಗೂ ಬೈಗುಳ. ಚೀಟಿಗಳು ಒಂದರ ಹಿಂದೆ ಒಂದು ನನ್ನ ಮೇಜಿಗೆ ಬಂದವು. ಅಗಸೆಯ ಕೂಸಿಗೆ ಜ್ವರವಿದ್ದದ್ದರಿಂದ ಅದಕ್ಕೆ ಹಾಕಲಿಲ್ಲ. ಮೂವತ್ತು ಕೂಸು, ಎರಡೆರಡು ಸಲ. ಮೂವತ್ತನೇ ತಾರೀಕು ಬೆಳಿಗ್ಗೆ ಎಣಿಕೆ ಸರಿಯಾಗಿ ಅರವತ್ತಕ್ಕೆ ನಿಂತಿತ್ತು.

ಅರವತ್ತು ದಾಟಿದರೆ ಜೊಳ್ಳು. ಅರವತ್ತಾದರೆ ಅಲ್ಲ. ಮೂರು ಸಲ ಎಣಿಸಿದೆ. ಸೂಡಪ್ಪನವರೂ ಎಣಿಸಿ, “ಉಳೀತು ಕಣಮ್ಮ, ನಾಳೆ ಒಂದನೇ ತಾರೀಕು, ಹೊಸ ಎಣಿಕೆ,” ಎಂದು ನಕ್ಕರು. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಸಂಜೆ ಐದಕ್ಕೆ ಕಿಟಕಿ ಮುಚ್ಚುತ್ತದೆ. ಆ ಒಂದು ದಿನ ಕಳೆದರೆ ಸಾಕಿತ್ತು.

ಮೂರೂವರೆಗೆ ನನ್ನ ಕಿಟಕಿಯ ಮುಂದಿನ ಸಾಲಿನಲ್ಲಿ ಅವ್ವ ನಿಂತಿದ್ದಳು. ಸೊಂಟದ ಮೇಲೆ ಅಗಸೆಯ ಕೂಸು, ಹಿಂದೆ ಅಗಸೆ. ಅವ್ವ ಸಾಲು ಮುರಿಯಲಿಲ್ಲ, ಮಗಳ ಕಚೇರಿಯೆಂದು ಮುಂದೆ ನುಗ್ಗಲಿಲ್ಲ. ಅವಳ ಸರದಿ ಬರುವವರೆಗೆ ನಾನು ಮೂರು ಜನರ ಕಾಗದ ನೋಡಿದೆ. ಏನು ನೋಡಿದೆನೋ ಗೊತ್ತಿಲ್ಲ.

“ಕೆಂಪು ಚೀಟಿ ಬರೀಬೇಕು,” ಎಂದಳು ಅವ್ವ. ಕೆಂಪು ಚೀಟಿ ಅವತ್ತೇ ಹತ್ತಿ ಅವತ್ತೇ ಇಳಿಯುತ್ತದೆ. ಅದಿಲ್ಲದೆ ಗಂಟಲಮಾರಿಯ ಔಷಧಿಯನ್ನು ಆಸ್ಪತ್ರೆಯವರು ಬೀರುವಿನಿಂದ ಹೊರಗೆ ತೆಗೆಯುವುದಿಲ್ಲ.

“ಅವ್ವ, ಒಂದೇ ದಿನ,” ಎಂದೆ. “ನಾಳೆ ಬೆಳಗ್ಗೆ ಕಿಟಕಿ ತೆಗೀತಿದ್ದಂಗೇ ಬರ್ಕೊಡ್ತೀನಿ. ಎಣಿಕೆ ಅರವತ್ತಕ್ಕೆ ನಿಂತದೆ ಅವ್ವ. ನಿನ್ ಕಾಲಿಗ್ ಬೀಳ್ತೀನಿ.”

ಅವ್ವ ಕೂಸನ್ನು ಎತ್ತಿ ಕಿಟಕಿಯ ಸರಳಿಗೆ ಒತ್ತಿ ಹಿಡಿದಳು. ಅದರ ಉಸಿರು ನನ್ನ ಮುಖದ ಹತ್ತಿರ ಕೇಳಿಸಿತು, ಗೊರಗೊರ ಎಂದು ಎಳೆದು ಎಳೆದು ಬರುತ್ತಿತ್ತು. ತುಟಿ ನೀಲಿಯಾಗಿತ್ತು. ಬೇರೆ ಹೆಸರು ಬರೆದು ಕಳಿಸಲೇ ಎಂದು ಯೋಚಿಸಿದೆ. ಹುಟ್ಟಿದವರ ಪುಸ್ತಕದಲ್ಲಿ ಇಲ್ಲದ ಹೆಸರಿಗೆ ಔಷಧಿ ಇಳಿಯುವುದಿಲ್ಲ. ಹಿಂದೆ ನಿಂತ ಅಗಸೆ, “ಬ್ಯಾಡ ಅಕ್ಕ, ನಾಳೇನೇ ಬರೀರಿ,” ಎಂದಳು. ಎಂಥ ಮಾತು ಅದು! ಹೆತ್ತವಳ ಬಾಯಲ್ಲಿ ಆ ಮಾತು ಬರುವ ಹಾಗೆ ಮಾಡಿದವಳು ನಾನು.

“ನೀ ಸುಮ್ಕಿರು,” ಎಂದು ಅವ್ವ ಅವಳನ್ನು ಗದರಿದಳು. ಆಮೇಲೆ ನನ್ನ ಕಡೆ ತಿರುಗಿ, ಹೆಸರು ಗೊತ್ತಿಲ್ಲದವರಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. “ಬರ್ಕೊ. ಹೆಸ್ರು ಕೇದಗೆ. ಹೆಣ್ಣು. ವಯಸ್ಸು ಒಂಬತ್ತು ತಿಂಗ್ಳು.”

ಬರೆದೆ. ಅಕ್ಷರ ಸೊಟ್ಟಗಾಯಿತು. ಅವ್ವ ಬಗ್ಗಿ ನೋಡಿ, ಅವಳಿಗೆ ಓದು ಬರುವುದಿಲ್ಲ, ಆದರೂ ನೋಡಿ, “ಸರ್ಯಾಗ್ ಬರ್ದಿದ್ಯಾ?” ಎಂದು ಕೇಳಿದಳು. ಹೂಂ ಎಂದೆ. ಚೀಟಿ ಹತ್ತಿತು, ಇಳಿಯಿತು. ನಾಲ್ಕೂವರೆಗೆ ಕೂಸಿಗೆ ಔಷಧಿ ಬಿತ್ತು. ಐದಕ್ಕೆ ಸೂಡಪ್ಪನವರು ಏಣಿ ಹತ್ತಿದರು. ಅವರು ಬರೆಯುವಾಗ ನಾನು ತಲೆಯೆತ್ತಲಿಲ್ಲ.

ಕೂಸು ಉಳಿಯಿತು. ಒಂದು ವರ್ಷದೊಳಗಿನ ಕೂಸಿಗೆ ಹೆಸರು ಬದಲಿಸಲು ಬಿಡುತ್ತಾರೆ, ಹಾಗಾಗಿ ಮೂವತ್ತೊಂದು ತಾಯಂದಿರೂ ಒಬ್ಬರ ಹಿಂದೆ ಒಬ್ಬರು ಬಂದು ಬೇರೆ ಹೆಸರು ಬರೆಸಿಕೊಂಡು ಹೋದರು. ಅಷ್ಟೂ ಕಾಗದಗಳಲ್ಲಿ ಹಳೇ ಹೆಸರಿನ ಮೇಲೆ ನಾನು ಮಸಿ ಎಳೆದೆ. ಅವ್ವನಿಗೂ ಹೊಸ ಹೆಸರು ಇಡೋಣ ಎಂದು ಸೂಡಪ್ಪನವರು ಹೇಳಿದರು. ಆದರೆ ವರ್ಷ ದಾಟಿದವರಿಗೆ ಹೊಸ ಹೆಸರು ಬೇಕಾದರೆ ಹೊಸದಾಗಿ ಹುಟ್ಟಿದವರ ಪುಸ್ತಕದಲ್ಲಿ ಬರೆಸಬೇಕು, ವಯಸ್ಸು ಒಂದು ದಿನ ಎಂದು. “ಅರವತ್ತೆಂಟಕ್ಕೆ ತೊಟ್ಲಾಗೆ ಮಲಗ್ಸಿ ಕೊಯ್ತಾರಾ?” ಎಂದು ಅವ್ವ ನಕ್ಕಳು. ನಕ್ಕರೆ ನೋಯುತ್ತಿತ್ತು, ಅದಕ್ಕೇ ನಿಲ್ಲಿಸಿದಳು.

ಹತ್ತನೇ ತಾರೀಕು ಮಂಜೂರಾತಿ ಇಳಿಯಿತು, ಹೇಳಿದ ದಿನಕ್ಕೇ. ಕೇದಗೆ, ಗೆಡ್ಡೆ, ಹಾಸಿಗೆ ಹದಿನಾಲ್ಕು, ಮಂಜೂರು. ಮಸಿ ಎಳೆಯದೆ ಬಿಟ್ಟರೆ ಆಸ್ಪತ್ರೆಯ ಬಾಗಿಲಲ್ಲೇ ಹರಿದು ಹಾಕುತ್ತಾರೆ, ಅಲ್ಲಿಯೂ ಪಟ್ಟಿ ಇದೆ. ಎಳೆದೆ. ಎಳೆದು, ಆ ಕಾಗದ ಹಿಡಿದುಕೊಂಡು, ಅವ್ವನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊಳೆ ದಾಟಿದೆ. ಯಾರಾದರೂ ಕರುಣೆ ತೋರಿಸಿಯಾರು ಎಂಬ ಹುಚ್ಚು ಆಸೆ.

ಬಾಗಿಲಲ್ಲಿ ಕೂತ ಗುಮಾಸ್ತ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. “ಯಾರ್ಗೆ ಮಂಜೂರಾಗದೆ ತಾಯಿ? ಇಲ್ಲಿ ಮಸಿ ಅದೆ.”

“ಇವ್ರಿಗೇ ಸ್ವಾಮಿ. ನಮ್ಮವ್ವ, ಕೇದಗೆ ಅಂತ.”

ಅವನು ತಿರುಗಿ ಗೋಡೆಯ ಪಟ್ಟಿ ನೋಡಿದ. ಕೆಟ್ಟ ಮನುಷ್ಯನೇನಲ್ಲ, ಅವನಿಗೂ ಸಂಕಟವಾಯಿತು. “ಆ ಹೆಸ್ರು ನಾನು ಬರ್ಕೊಳಂಗಿಲ್ಲ ತಾಯಿ,” ಎಂದ. ಬಾಗಿಲ ಸಂದಿಯಲ್ಲಿ ಹದಿನಾಲ್ಕನೇ ಹಾಸಿಗೆ ಕಾಣುತ್ತಿತ್ತು, ಬಿಳಿ ದುಪ್ಪಟಿ ಹಾಸಿ, ಪಕ್ಕದಲ್ಲಿ ನೀರಿನ ಹೂಜಿ ಇಟ್ಟು ಸಿದ್ಧ ಮಾಡಿದ್ದರು. ಯಾರೂ ಅದರ ಮೇಲೆ ಇರಲಿಲ್ಲ. ಅವ್ವ ಸ್ವಲ್ಪ ಹೊತ್ತು ನೋಡಿದಳು. “ಚೆಂದಾಗಿ ಹಾಸವ್ರೆ,” ಎಂದಳು. “ನಡಿ, ದೋಣಿ ಹೋಗ್ಬುಡ್ತದೆ.”

ಇಪ್ಪತ್ತಾರು ದಿನ ಇದ್ದಳು. ತಾಯಂದಿರು ಸರದಿಯಂತೆ ಬಂದು ನೋಡಿಕೊಂಡರು, ಅಗಸೆಯಂತೂ ಮನೆಗೇ ಹೋಗಲಿಲ್ಲ. ನೋವು ಹೆಚ್ಚಾದಾಗ ಅವ್ವ ತನಗೆ ತಾನೇ ಬೈದುಕೊಳ್ಳುತ್ತಿದ್ದಳು, ಹೆರುವ ಹೆಂಗಸರಿಗೆ ಬೈಯುತ್ತಿದ್ದ ಹಾಗೇ, ತಡ್ಕೊ, ಇನ್ನೇನ್ ಆಯ್ತು, ತಡ್ಕೊ ಎಂದು. ಒಂದು ಸಲವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತು. ಮಂಗಳವಾರ ಮಧ್ಯಾಹ್ನ ಹೋದಳು.

ಆ ಕಾಗದವನ್ನೂ ನಾನೇ ಬರೆಯಬೇಕಿತ್ತು. ಕೇದಗೆ, ಸೂಲಗಿತ್ತಿ, ಮರಣ. ಸೂಡಪ್ಪನವರು ಕುಂಚಕ್ಕೆ ಕೈ ಚಾಚಿ, “ಕೊಡಮ್ಮ, ನಾ ಮಾಡ್ತೀನಿ,” ಎಂದರು. ಕೊಡಲಿಲ್ಲ. ‘ಮರಣ’ದ ಮೇಲೆ ಎಳೆದೆ. ಅವ್ವನ ಹೆಸರಿನ ಮೇಲೆ ಎಳೆದೆ. ಕಾಗದದಲ್ಲಿ ಉಳಿದದ್ದು ಒಂದೇ ಪದ. ಊರಿಗೆ ಅವಳೊಬ್ಬಳೇ ಇದ್ದದ್ದರಿಂದ ಅದನ್ನು ಬೇರೆ ಯಾರೂ ಯಾವತ್ತೂ ಬರೆದಿರಲಿಲ್ಲ.

ಎಂಟು ದಿನಕ್ಕೆ ಮೇಲಿನಿಂದ ಉತ್ತರ ಇಳಿಯಿತು. ಸೂಲಗಿತ್ತಿ, ಮಂಜೂರು. ಬರುವ ತಿಂಗಳು ಒಬ್ಬಳನ್ನು ಕಳಿಸುತ್ತಾರಂತೆ. ಅರ್ಜಿ ಎಂದು ತಿಳಿದಿದ್ದರು. ಆ ಕಾಗದ ಹಿಡಿದು ನಾನು ನಕ್ಕೆ, ನಗು ನಿಲ್ಲಲಿಲ್ಲ, ಅದು ಅಳುವಾದದ್ದು ಯಾವಾಗಲೋ ಗೊತ್ತಾಗಲಿಲ್ಲ. ಸೂಡಪ್ಪನವರು ಹೆದರಿ ನೀರು ತಂದುಕೊಟ್ಟರು. ನನಗೆ ಬೇಕಾದದ್ದು ನಮ್ಮವ್ವನೇ ಎಂದು ಅವರಿಗೆ ಹೇಳಬೇಕೆನಿಸಿತು. ಸಾಲಿನಲ್ಲಿ ಜನ ಕಾಯುತ್ತಿದ್ದರು, ಕಿಟಕಿ ತೆಗೆದೆ.